ಸೊಪ್ಪಿನ ಬೆಟ್ಟದ ಮರಗಳ ಲೆಕ್ಕ: ಸಿಸ್ಟಮ್ ಡೈನಾಮಿಕ್ಸ್ ಮಾದರಿಯನ್ನು ಕಟ್ಟುವುದು ಹೇಗೆ, ನಂಬುವುದು ಎಷ್ಟು?

ಪ್ರಶ್ನೆ: ನಮ್ಮದು ಶಿರಸಿ ಸೀಮೆಯ ಅಡಿಕೆ ತೋಟ. ತೋಟಕ್ಕೆ ಸೇರಿದ ಸುಮಾರು ನಾಲ್ಕು ಹೆಕ್ಟೇರು ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡು, ಇದೆ. ದೊಡ್ಡ ಮರಗಳು ಈಗಲೂ ತುಂಬಿಕೊಂಡಿವೆ, ಆದ್ದರಿಂದ ಬೆಟ್ಟ ಚೆನ್ನಾಗಿದೆ ಎಂದು ಮನೆಯವರ ಅಭಿಪ್ರಾಯ, ನನಗೆ ಅನುಮಾನವಿದೆ. ಸಿಸ್ಟಮ್ ಡೈನಾಮಿಕ್ಸ್ ಎಂಬ ವಿಧಾನದಿಂದ ಕಾಡಿನ ಬೆಳವಣಿಗೆಯನ್ನು ಲೆಕ್ಕ ಹಾಕಬಹುದೆಂದು ಓದಿ, ಒಟ್ಟು ಜೀವರಾಶಿಗೆ (ಮರಗಳ ಒಟ್ಟು ತೂಕಕ್ಕೆ) ಲಾಜಿಸ್ಟಿಕ್ ಸಮೀಕರಣವನ್ನು, ಅಂದರೆ ಮೊದಲು ಬೇಗ ಏರಿ ಒಂದು ಮಿತಿಯ ಹತ್ತಿರ ನಿಧಾನವಾಗುವ ಬೆಳವಣಿಗೆಯ ಸೂತ್ರವನ್ನು, ಹಾಕಿ ಸೊಪ್ಪು ಕಡಿಯುವ ಪ್ರಮಾಣವನ್ನು ಅದರಿಂದ ಕಳೆದು ನೋಡುತ್ತಿದ್ದೇನೆ. ಈ ದಾರಿ ಸರಿಯೇ? ಎಕ್ಸೆಲ್ ಸಾಕೇ, ಬೇರೆ ತಂತ್ರಾಂಶ ಬೇಕೇ? ಬಂದ ಉತ್ತರವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಉತ್ತರ: ಮಾದರಿಯನ್ನು ನೀವೇ ಕಟ್ಟಬಹುದು, ಎಕ್ಸೆಲ್ ಕೂಡ ಸಾಕು, ಆದರೆ ನೀವು ಆರಿಸಿಕೊಂಡ ಸಮೀಕರಣವನ್ನು ಬಿಡಬೇಕಾಗುತ್ತದೆ. ಇಡೀ ಬೆಟ್ಟವನ್ನು ‘ಇಷ್ಟು ಟನ್ ಮರ’ ಎಂಬ ಒಂದೇ ಸಂಖ್ಯೆಯಾಗಿ ಹಿಡಿದು ಅದಕ್ಕೆ ಲಾಜಿಸ್ಟಿಕ್ ಸಮೀಕರಣವನ್ನು ಹೊಂದಿಸಿದರೆ, ನಿಮ್ಮ ಅನುಮಾನ ಯಾವುದರ ಬಗ್ಗೆ ಇದೆಯೋ ಅದೇ ಲೆಕ್ಕದಿಂದ ಹೊರಗೆ ಉಳಿಯುತ್ತದೆ. ನೂರು ದೊಡ್ಡ ಮರಗಳೂ ಅವುಗಳ ಕೆಳಗೆ ಸಾಕಷ್ಟು ಸಸಿಗಳೂ ಇರುವ ಬೆಟ್ಟ, ಅಷ್ಟೇ ದೊಡ್ಡ ಮರಗಳಿದ್ದು ಕೆಳಗೆ ಒಂದು ಸಸಿಯೂ ಇಲ್ಲದ ಬೆಟ್ಟ, ಇವೆರಡರ ಒಟ್ಟು ತೂಕ ಹೆಚ್ಚುಕಡಿಮೆ ಒಂದೇ, ಏಕೆಂದರೆ ಸಸಿಗಳ ತೂಕ ದೊಡ್ಡ ಮರಗಳ ತೂಕದೆದುರು ಲೆಕ್ಕಕ್ಕೆ ಸಿಗುವಷ್ಟು ಇರುವುದಿಲ್ಲ. ಹಾಗಾಗಿ ಲಾಜಿಸ್ಟಿಕ್ ಸಮೀಕರಣವು ಎರಡಕ್ಕೂ ಒಂದೇ ಭವಿಷ್ಯವನ್ನು ಹೇಳುತ್ತದೆ, ಎರಡರಿಂದಲೂ ಒಂದೇ ಪ್ರಮಾಣದ ಸೊಪ್ಪು ಕಡಿಯಬಹುದೆನ್ನುತ್ತದೆ. ವಾಸ್ತವದಲ್ಲಿ ಮೊದಲನೆಯದು ಉಳಿಯುವ ಬೆಟ್ಟ, ಎರಡನೆಯದು ಸಾಯುತ್ತಿರುವ ಬೆಟ್ಟ. ಈ ವ್ಯತ್ಯಾಸವನ್ನು ಕಾಣಿಸದ ಮಾದರಿಯಿಂದ ನಿಮಗೆ ಪ್ರಯೋಜನವಿಲ್ಲ.

ಸಿಸ್ಟಮ್ ಡೈನಾಮಿಕ್ಸ್ ವಿಧಾನವನ್ನು 1950ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ (ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆ) ಜೇ ಫಾರೆಸ್ಟರ್ ರೂಪಿಸಿದರು. ಅವರು ಹುಟ್ಟಿನಿಂದ ನೆಬ್ರಾಸ್ಕಾದ ದನಗಾವಲಿನ ಮನೆಯವರು, ವಿದ್ಯೆಯಿಂದ ವಿದ್ಯುತ್ ಎಂಜಿನಿಯರು. ಮೊದಲಿಗೆ ಕೈಹಾಕಿದ್ದು ಕಾರ್ಖಾನೆಗಳ ಉತ್ಪಾದನೆ ಮತ್ತು ನೌಕರರ ಸಂಖ್ಯೆಯಲ್ಲಿ ಕಾಣುತ್ತಿದ್ದ ಏರಿಳಿತಗಳಿಗೆ. ಕಾರ್ಖಾನೆಗೆ ಹುಟ್ಟಿದ ವಿಧಾನ ಕಾಡಿಗೆ ಒಗ್ಗುವುದಕ್ಕೆ ಕಾರಣವಿದೆ. ಎರಡೂ ಕಡೆ ಇಂದಿನ ತೀರ್ಮಾನದ ಫಲ ಬಹಳ ತಡವಾಗಿ ಕಾಣಿಸುತ್ತದೆ, ಕಾಣಿಸುವ ಹೊತ್ತಿಗೆ ತೀರ್ಮಾನ ಮಾಡಿದವರು ಅದನ್ನು ಮರೆತಿರುತ್ತಾರೆ. ಕಾಡಿನಲ್ಲಂತೂ ಆ ವಿಳಂಬ ಒಂದು ತಲೆಮಾರನ್ನೇ ಮೀರುತ್ತದೆ.

ಮಾದರಿಯ ಮೂಲ ಅಂಶಗಳು ಎರಡೇ: ದಾಸ್ತಾನು ಮತ್ತು ಹರಿವು. ಕೆರೆಯಲ್ಲಿ ನಿಂತ ನೀರು ದಾಸ್ತಾನಾದರೆ, ಕಾಲುವೆಯಿಂದ ಒಳಬರುವುದೂ ತೂಬಿನಿಂದ ಹೊರಹೋಗುವುದೂ ಹರಿವುಗಳು. ದಾಸ್ತಾನು ಬದಲಾಗುವುದು ಹರಿವುಗಳ ಮೂಲಕ ಮಾತ್ರ. ಹರಿವಿನ ವೇಗವು ದಾಸ್ತಾನಿನ ಮಟ್ಟವನ್ನೇ ಅವಲಂಬಿಸಿದ್ದರೆ ಅಲ್ಲಿ ಫೀಡ್‌ಬ್ಯಾಕ್ ಇದೆ ಎನ್ನುತ್ತೇವೆ. ಇನ್ನುಳಿದದ್ದೆಲ್ಲ ನಿಮ್ಮ ಬೆಟ್ಟದಲ್ಲಿ ಯಾವುದು ದಾಸ್ತಾನು, ಯಾವುದು ಹರಿವು, ಯಾವುದು ಯಾವುದನ್ನು ನಿಯಂತ್ರಿಸುತ್ತದೆ ಎಂಬುದನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುವ ಕೆಲಸ.

ಬೆಟ್ಟವನ್ನು ಕನಿಷ್ಠ ಮೂರು ದಾಸ್ತಾನುಗಳಾಗಿ ಒಡೆಯಿರಿ. ಎದೆಮಟ್ಟದಲ್ಲಿ, ಅಂದರೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ, 1 ಸೆಂ.ಮೀ.ನಿಂದ 10 ಸೆಂ.ಮೀ. ವ್ಯಾಸದವರೆಗಿನವು ಸಸಿಗಳು, 10ರಿಂದ 30 ಸೆಂ.ಮೀ. ವರೆಗಿನವು ಎಳೆಮರಗಳು; ಅದಕ್ಕಿಂತ ದಪ್ಪನೆಯವು ದೊಡ್ಡ ಮರಗಳು. ನೀವು ಟೇಪಿನಿಂದ ಸುತ್ತಳತೆ ತೆಗೆಯುವುದಾದರೆ ಗಡಿಗಳು ಸುಮಾರು 31 ಮತ್ತು 94 ಸೆಂ.ಮೀ. ಆಗುತ್ತವೆ. ಸಸಿಯ ದಾಸ್ತಾನಿಗೆ ಹೊಸ ಹುಟ್ಟುವಳಿ, ಅಂದರೆ ಆ ವರ್ಷ 1 ಸೆಂ.ಮೀ. ಗಡಿ ದಾಟಿದ ಗಿಡಗಳು, ಒಳಬರುತ್ತದೆ. ಅಲ್ಲಿಂದ ಒಂದು ಹರಿವು ಸಾವಿನ ಕಡೆಗೆ, ಇನ್ನೊಂದು ಎಳೆಮರದ ಕಡೆಗೆ. ಎಳೆಮರದಿಂದಲೂ ಹಾಗೆಯೇ ಎರಡು ಹರಿವು. ದೊಡ್ಡ ಮರದಿಂದ ಹೊರಗೆ ಹೋಗುವ ದಾರಿ ಒಂದೇ, ಸಾವು; ಗಾಳಿಗೆ ಬಿದ್ದದ್ದು, ಒಣಗಿದ್ದು, ಕಡಿದದ್ದು ಎಲ್ಲವೂ ಅದರಲ್ಲಿ ಸೇರುತ್ತವೆ.

ಈಗ ಅಂಕಿಗಳನ್ನು ಹಾಕಿ ನೋಡೋಣ. ಇವು ಮಾದರಿ ಹೇಗೆ ನಡೆಯುತ್ತದೆಂದು ತೋರಿಸಲು ನಾನು ಹಿಡಿದ ಅಂಕಿಗಳು, ನಿಮ್ಮ ಬೆಟ್ಟದ ಅಳತೆಗಳಲ್ಲ. ನಿಮ್ಮವು ಬಂದ ಮೇಲೆ ಇವನ್ನು ತೆಗೆದುಹಾಕಬೇಕು. ಸಸಿಯ ವ್ಯಾಸ ವರ್ಷಕ್ಕೆ 0.3 ಸೆಂ.ಮೀ. ಹೆಚ್ಚುತ್ತದೆ ಎಂದುಕೊಂಡರೆ 9 ಸೆಂ.ಮೀ. ಅಗಲದ ಆ ವರ್ಗವನ್ನು ದಾಟಲು 30 ವರ್ಷ ಬೇಕು, ಅಂದರೆ ವರ್ಷಕ್ಕೆ ಮೂವತ್ತರಲ್ಲಿ ಒಂದು ಪಾಲು ಸಸಿಗಳು ಎಳೆಮರವಾಗುತ್ತವೆ. ಎಳೆಮರದ ವ್ಯಾಸ ವರ್ಷಕ್ಕೆ 0.4 ಸೆಂ.ಮೀ. ಹೆಚ್ಚಿದರೆ 20 ಸೆಂ.ಮೀ. ದಾಟಲು 50 ವರ್ಷ, ಅಂದರೆ ವರ್ಷಕ್ಕೆ ಶೇ. 2. ಸಾವಿನ ಪ್ರಮಾಣ ಸಸಿಗಳಲ್ಲಿ ವರ್ಷಕ್ಕೆ ಶೇ. 7, ಎಳೆಮರಗಳಲ್ಲಿ ಶೇ. 1, ದೊಡ್ಡ ಮರಗಳಲ್ಲಿ ಶೇ. 1 ಎಂದಿಟ್ಟುಕೊಳ್ಳಿ. ಹೆಕ್ಟೇರಿಗೆ 100 ದೊಡ್ಡ ಮರಗಳು ಏರುಪೇರಿಲ್ಲದೆ ಉಳಿಯಬೇಕಾದರೆ ಅವುಗಳ ಹಿಂದೆ 50 ಎಳೆಮರಗಳು, ಅವುಗಳ ಹಿಂದೆ 45 ಸಸಿಗಳು ಇರಬೇಕು, ಮತ್ತು ವರ್ಷಕ್ಕೆ 4.65 ಹೊಸ ಸಸಿಗಳು 1 ಸೆಂ.ಮೀ. ಗಡಿಯನ್ನು ದಾಟಬೇಕು. ನಿಮ್ಮ ನಾಲ್ಕು ಹೆಕ್ಟೇರಿಗೆ ವರ್ಷಕ್ಕೆ ಸುಮಾರು 19 ಸಸಿಗಳು. ಇಷ್ಟು ಕಡಿಮೆಯೇ ಎಂದು ಆಶ್ಚರ್ಯವಾಗಬಹುದು. ಆದರೆ ಇವು ಮೊಳೆತ ಗಿಡಗಳಲ್ಲ, ಕತ್ತಿ, ದನ, ಬೆಂಕಿ, ಬೇಸಿಗೆ ಎಲ್ಲವನ್ನೂ ದಾಟಿ ಎದೆಮಟ್ಟ ಮುಟ್ಟಿದ ಗಿಡಗಳು.

ಆ 19 ಸಸಿಗಳು ಬರದಿದ್ದರೆ ಏನಾಗುತ್ತದೆ ಎಂಬುದೇ ನಿಮ್ಮ ಪ್ರಶ್ನೆಯ ತಿರುಳು. ಕರಡ (ಒಣಹುಲ್ಲು) ಕೊಯ್ಯುವಾಗ ಸಸಿಗಳೂ ಕತ್ತಿಗೆ ಸಿಕ್ಕಿ ಹೊಸ ಹುಟ್ಟುವಳಿ ಪೂರ್ತಿ ನಿಂತಿತೆಂದು ಮಾದರಿಯಲ್ಲಿ ಆ ಒಂದು ಹರಿವನ್ನು ಸೊನ್ನೆ ಮಾಡಿ. ಹತ್ತು ವರ್ಷಗಳ ನಂತರ ಹೆಕ್ಟೇರಿಗೆ ಸಸಿಗಳು 45ರಿಂದ 16ಕ್ಕೆ ಇಳಿದಿರುತ್ತವೆ, ಎಳೆಮರಗಳು 50ರಿಂದ 45ಕ್ಕೆ. ದೊಡ್ಡ ಮರಗಳು ಮಾತ್ರ 100ರ ಹತ್ತಿರವೇ ನಿಂತಿರುತ್ತವೆ. ಇಪ್ಪತ್ತು ವರ್ಷಕ್ಕೆ ಸಸಿಗಳು 6ಕ್ಕೆ, ಎಳೆಮರಗಳು 36ಕ್ಕೆ ಬಂದಿದ್ದರೂ ದೊಡ್ಡ ಮರಗಳು 98. ಮೂವತ್ತು ವರ್ಷಕ್ಕೆ ಸಸಿಗಳು 2, ಎಳೆಮರಗಳು 28, ದೊಡ್ಡ ಮರಗಳು 95. ಮೂರು ದಶಕ ಒಂದೇ ಒಂದು ಹೊಸ ಗಿಡ ಹುಟ್ಟದ ಬೆಟ್ಟವನ್ನು ದೂರದಿಂದ ನೋಡಿದವರಿಗೆ ನೂರರಲ್ಲಿ ಐದು ಮರ ಕಡಿಮೆಯಾದದ್ದು ಕಣ್ಣಿಗೆ ಬೀಳುವುದಿಲ್ಲ. ‘ದೊಡ್ಡ ಮರಗಳು ತುಂಬಿವೆ, ಆದ್ದರಿಂದ ಬೆಟ್ಟ ಚೆನ್ನಾಗಿದೆ’ ಎಂಬ ಮಾತಿನಲ್ಲಿ ಮೊದಲ ಭಾಗ ಸತ್ಯವಾಗಿದ್ದೂ ಎರಡನೆಯ ಭಾಗ ಸುಳ್ಳಾಗಲು ಸಾಧ್ಯವಿರುವುದು ಹೀಗೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಮೂವತ್ತನೆಯ ವರ್ಷದಲ್ಲಿ ಎಚ್ಚೆತ್ತುಕೊಂಡು ಬೇಲಿ ಹಾಕಿ, ಹುಟ್ಟುವಳಿಯನ್ನು ಮೊದಲಿನಂತೆ ವರ್ಷಕ್ಕೆ 4.65ಕ್ಕೆ ತಂದಿರೆಂದು ಇಟ್ಟುಕೊಳ್ಳಿ. ದೊಡ್ಡ ಮರಗಳ ಸಂಖ್ಯೆ ಆ ದಿನದಿಂದ ಏರುವುದಿಲ್ಲ. ಸರಿಯಾದ ಕೆಲಸ ನಡೆಯುತ್ತಿರುವಾಗಲೇ ಅದು ಇನ್ನೂ ಐವತ್ತಕ್ಕೂ ಹೆಚ್ಚು ವರ್ಷ ಇಳಿಯುತ್ತಾ ಹೋಗಿ, 83ರ ಹತ್ತಿರ ತಳ ಮುಟ್ಟಿ, ಆಮೇಲೆ ಮೇಲೇಳುತ್ತದೆ. ಮೂವತ್ತು ವರ್ಷ ಖಾಲಿ ಹೋದ ಜಾಗ ಎಳೆಮರಗಳ ವರ್ಗದ ಮೂಲಕ ನಿಧಾನವಾಗಿ ಸಾಗುತ್ತಿರುತ್ತದೆ, ಅದನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಬೇಲಿ ಹಾಕಿದ ಮೇಲೆಯೂ ಮರ ಕಡಿಮೆಯಾಗುತ್ತಿದೆ, ಆದ್ದರಿಂದ ಬೇಲಿಯಿಂದ ಉಪಯೋಗವಿಲ್ಲ ಎಂದು ಯಾರಾದರೂ ಬೇಲಿ ಕಿತ್ತರೆ, ಅವರ ಕಣ್ಣಿಗೆ ಕಂಡದ್ದು ನಿಜವಾಗಿದ್ದರೂ ತೀರ್ಮಾನ ಪೂರ್ತಿ ತಪ್ಪು. ನಾನು ಈ ವಿಧಾನವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಮುಖ್ಯ ಕಾರಣ ಇದೇ. ಬೆಟ್ಟದ ಆರೋಗ್ಯವನ್ನು ಹೇಳುವ ದಾಸ್ತಾನು ಸೊಪ್ಪು ಕೊಡುವ ದೊಡ್ಡ ಮರವಲ್ಲ, ಸೊಪ್ಪಿನ ಲೆಕ್ಕಕ್ಕೇ ಬಾರದ ಸಸಿ.

ಇಲ್ಲಿಯವರೆಗೆ ಹೇಳಿದ ಮಾದರಿಯಲ್ಲಿ, ಪ್ರತಿ ದಾಸ್ತಾನು ತನ್ನದೇ ಹೊರಹರಿವನ್ನು ನಿರ್ಧರಿಸುವುದನ್ನು ಬಿಟ್ಟರೆ, ಬೇರೆ ಫೀಡ್‌ಬ್ಯಾಕ್ ಇಲ್ಲ. ಅದನ್ನು ಒಂದೊಂದಾಗಿ ಸೇರಿಸಬೇಕು, ಎಲ್ಲವನ್ನೂ ಒಮ್ಮೆಗೇ ಸೇರಿಸಬಾರದು. ಮೊದಲು ಸೇರಿಸಬೇಕಾದದ್ದು ಸೊಪ್ಪು ಕಡಿಯುವುದಕ್ಕೂ ಬೆಳವಣಿಗೆಗೂ ಇರುವ ಸಂಬಂಧ. ಮತ್ತಿ, ಕಿಂದಲ, ನಂದಿ, ಜಂಬೆಯಂಥ ಮರಗಳ ಕೊಂಬೆಗಳನ್ನು ಕಡಿದಾಗ ಮರ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಆದರೆ ಚಿಗುರುವುದಕ್ಕೆ ಅದು ಕಾಂಡದಲ್ಲಿ ಮತ್ತು ಬೇರಿನಲ್ಲಿ ಕೂಡಿಟ್ಟ ಆಹಾರವನ್ನು ಖರ್ಚು ಮಾಡುತ್ತದೆ, ಎಲೆ ಮರಳುವವರೆಗೆ ವ್ಯಾಸದ ಬೆಳವಣಿಗೆ ಕುಗ್ಗುತ್ತದೆ, ಹೂವು ಕಾಯಿ ಕಡಿಮೆಯಾಗುತ್ತವೆ. ಇದರಿಂದ ಸಾವಿನ ಲೆಕ್ಕವೂ ಬದಲಾಗುತ್ತದೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಎಳೆಮರಗಳ ಬೆಳವಣಿಗೆ 0.4ರಿಂದ 0.2 ಸೆಂ.ಮೀ.ಗೆ ಇಳಿದರೆ ಅವು ಆ ವರ್ಗದಲ್ಲಿ 50 ವರ್ಷದ ಬದಲು 100 ವರ್ಷ ಕಳೆಯಬೇಕಾಗುತ್ತದೆ. ವರ್ಷಕ್ಕೆ ಶೇ. 1ರ ಸಾವಿನ ಪ್ರಮಾಣ ಹಾಗೆಯೇ ಇದ್ದರೂ, ಅದಕ್ಕೆ ಒಡ್ಡಿಕೊಳ್ಳುವ ಕಾಲ ಎರಡರಷ್ಟಾದ್ದರಿಂದ, ಮೊದಲು ಮೂರರಲ್ಲಿ ಎರಡು ಪಾಲು ಎಳೆಮರಗಳು ದೊಡ್ಡವಾಗುತ್ತಿದ್ದಲ್ಲಿ ಈಗ ಅರ್ಧ ಮಾತ್ರ ಆಗುತ್ತವೆ. ಹುಟ್ಟುವಳಿಯಲ್ಲಿ ಒಂದು ಸಸಿಯೂ ಕಡಿಮೆಯಾಗದೆ ದೊಡ್ಡ ಮರಗಳ ಸಮತೋಲ ಸಂಖ್ಯೆ 100ರಿಂದ 75ಕ್ಕೆ ಬರುತ್ತದೆ. ಆದ್ದರಿಂದ ಸೊಪ್ಪು ಕಡಿಯುವುದು ಅನಿವಾರ್ಯವಾದಲ್ಲಿ ಎಳೆಮರಗಳನ್ನು ಬಿಟ್ಟು ದೊಡ್ಡವನ್ನು, ಅವುಗಳಲ್ಲೂ ತುದಿಯನ್ನು ಉಳಿಸಿ ಪಕ್ಕದ ಕೊಂಬೆಗಳನ್ನು ಸರದಿಯ ಮೇಲೆ ಕಡಿಯುವ ಹಿರಿಯರ ರೂಢಿಗೆ ಈ ಲೆಕ್ಕದಲ್ಲಿ ಗಟ್ಟಿ ಆಧಾರವಿದೆ.

ಎರಡನೆಯ ಫೀಡ್‌ಬ್ಯಾಕ್ ಹುಟ್ಟುವಳಿಯದು, ಇದು ಹೆಚ್ಚು ತೊಡಕಿನದು. ದೊಡ್ಡ ಮರಗಳು ಬೀಜ ಕೊಡುತ್ತವೆ, ಆದ್ದರಿಂದ ಅವು ಹೆಚ್ಚಿದಷ್ಟೂ ಹುಟ್ಟುವಳಿ ಹೆಚ್ಚಬೇಕು. ಅವೇ ನೆರಳನ್ನೂ ಕೊಡುತ್ತವೆ, ಬೆಳಕು ಬೇಡುವ ಜಾತಿಗಳ ಸಸಿಗಳು ಗಾಢ ನೆರಳಿನಲ್ಲಿ ಏಳುವುದಿಲ್ಲ. ಇನ್ನೊಂದು ತುದಿಯಲ್ಲಿ, ಮರಗಳು ತೀರ ವಿರಳವಾಗಿ ನೆಲಕ್ಕೆ ಬಿಸಿಲು ಬಿದ್ದರೆ ಲಂಟಾನ, ಯುಪಟೋರಿಯಂ ಪೊದೆಗಳು ಮೊದಲು ಹಬ್ಬುತ್ತವೆ, ಬೇಸಿಗೆಯಲ್ಲಿ ಒಣಗಿ ಬೆಂಕಿಗೆ ಉರುವಲಾಗುತ್ತವೆ, ಬೆಂಕಿ ಸಸಿಗಳನ್ನು ಕೊಂದು ಪೊದೆಗಳಿಗೆ ಇನ್ನಷ್ಟು ಜಾಗ ಮಾಡಿಕೊಡುತ್ತದೆ. ಹೀಗಾಗಿ ಮರಗಳ ಸಂಖ್ಯೆಗೆ ಎದುರಾಗಿ ಹುಟ್ಟುವಳಿಯನ್ನು ಗುರುತು ಮಾಡಿದರೆ ಏರಿ ಇಳಿಯುವ ಗುಡ್ಡದಾಕಾರದ ಗೆರೆ ಬರುತ್ತದೆ. ಆ ಆಕಾರದಲ್ಲಿ ಒಂದು ಅಪಾಯವಿದೆ: ಮರಗಳು ಒಂದು ಮಟ್ಟಕ್ಕಿಂತ ಕಡಿಮೆಯಾದರೆ ಬೆಟ್ಟ ತಾನಾಗಿ ಮೇಲೇಳದೆ ಪೊದೆಯ ಸ್ಥಿತಿಯಲ್ಲೇ ನೆಲೆನಿಲ್ಲಬಹುದು. ಮಾದರಿಯಲ್ಲಿ ಆರಂಭದ ಮರಗಳ ಸಂಖ್ಯೆಯನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ ಹೋಗಿ ನೋಡಿ. ಒಂದು ಕಡೆ ಫಲಿತಾಂಶ ಥಟ್ಟನೆ ಮಗುಚಿದರೆ ಆ ಗಡಿ ಅಲ್ಲಿದೆ. ಗಡಿಯ ಸಂಖ್ಯೆ ಖಚಿತವಾಗಿರುವುದಿಲ್ಲ, ಏಕೆಂದರೆ ಗೆರೆಯ ಆಕಾರವನ್ನು ನೀವು ಊಹಿಸಿ ಬರೆದಿರುತ್ತೀರಿ. ಆದರೆ ಅಂಥದೊಂದು ಗಡಿ ಇರಬಹುದೆಂಬ ಅರಿವೇ ಬೆಟ್ಟವನ್ನು ಅದರ ಹತ್ತಿರಕ್ಕೆ ಒಯ್ಯದಿರಲು ಸಾಕಷ್ಟು ಕಾರಣ.

ದರಕು ಗುಡಿಸುವುದರ ಪರಿಣಾಮ ಎರಡು ಕಡೆಗೆ ಎಳೆಯುತ್ತದೆ. ಒಣಗಿದ ಎಲೆ ತೆಗೆದರೆ ಬೆಂಕಿಯ ಉರುವಲು ಕಡಿಮೆಯಾಗುತ್ತದೆ, ಜೊತೆಗೇ ಮಣ್ಣಿಗೆ ಮರಳಬೇಕಾದ ಪೋಷಕಾಂಶ ತೋಟಕ್ಕೆ ಸಾಗುತ್ತದೆ. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಎಂಬ ಉತ್ತರ ಕನ್ನಡದ ವ್ಯವಸ್ಥೆಯ ಅರ್ಥವೇ ಅದು: ದೊಡ್ಡ ಪ್ರದೇಶದ ಫಲವತ್ತತೆಯನ್ನು ಚಿಕ್ಕ ಪ್ರದೇಶಕ್ಕೆ ಸಾಗಿಸುವುದು. ಮೊದಲ ಮಾದರಿಯಲ್ಲಿ ಮಣ್ಣನ್ನು ಸೇರಿಸಬೇಡಿ. ಅದನ್ನು ಅಳೆಯುವ ಅನುಕೂಲವಿಲ್ಲದೆ ಸೇರಿಸಿದರೆ ಮಾದರಿ ದೊಡ್ಡದಾಗುತ್ತದೆಯೇ ಹೊರತು ನಿಜಕ್ಕೆ ಹತ್ತಿರವಾಗುವುದಿಲ್ಲ.

ಇನ್ನು ತಾಂತ್ರಿಕವಾದ ಒಂದು ದೋಷದ ಬಗ್ಗೆ ವಿವರವಾಗಿ ಹೇಳಬೇಕು, ಏಕೆಂದರೆ ಈ ಬಗೆಯ ಮಾದರಿಗಳಲ್ಲಿ ಅತಿ ಸಾಮಾನ್ಯವಾದ ತಪ್ಪು ಇದೇ, ಮೇಲೆ ನಾನು ತೋರಿಸಿದ ಮೂರು ದಾಸ್ತಾನಿನ ಮಾದರಿಯಲ್ಲೂ ಅದು ಇದೆ. ‘ವರ್ಷಕ್ಕೆ ಶೇ. 2 ಎಳೆಮರಗಳು ದೊಡ್ಡವಾಗುತ್ತವೆ’ ಎಂದು ಬರೆದಾಗ ದಾಸ್ತಾನಿನೊಳಗಿನ ಎಲ್ಲ ಮರಗಳೂ ಒಂದೇ ಎಂದು ಗಣಿತ ತಿಳಿದುಕೊಳ್ಳುತ್ತದೆ. ನಿನ್ನೆ ತಾನೇ 10 ಸೆಂ.ಮೀ. ಮುಟ್ಟಿದ ಮರಕ್ಕೂ 29 ಸೆಂ.ಮೀ. ಮರಕ್ಕೂ ಅದು ಭೇದ ಮಾಡುವುದಿಲ್ಲ. ಪರಿಣಾಮವಾಗಿ, ಸಾವನ್ನು ಬದಿಗಿಟ್ಟು ನೋಡಿದರೆ, ಇಂದು ಎಳೆಮರದ ವರ್ಗಕ್ಕೆ ಬಂದ ಮರಗಳಲ್ಲಿ ಶೇ. 18ರಷ್ಟು ಹತ್ತೇ ವರ್ಷದಲ್ಲಿ ದೊಡ್ಡ ಮರವಾಗಿಬಿಡುತ್ತವೆ. ವರ್ಷಕ್ಕೆ 0.4 ಸೆಂ.ಮೀ. ಬೆಳೆಯುವ ಮರ ಹತ್ತು ವರ್ಷದಲ್ಲಿ 4 ಸೆಂ.ಮೀ. ಮಾತ್ರ ದಪ್ಪವಾಗಬಲ್ಲದು, 20 ಸೆಂ.ಮೀ. ದಾಟುವುದು ಅಸಾಧ್ಯ. ಇದಕ್ಕೆ ಪರಿಹಾರ ಆ ವರ್ಗವನ್ನು 4 ಸೆಂ.ಮೀ. ಅಗಲದ ಐದು ಸಣ್ಣ ದಾಸ್ತಾನುಗಳಾಗಿ ಒಡೆಯುವುದು. ಪ್ರತಿಯೊಂದರಲ್ಲೂ ಸರಾಸರಿ ವಾಸ 10 ವರ್ಷ, ಒಟ್ಟು ಸರಾಸರಿ 50 ವರ್ಷವೇ. ಆದರೆ ಹತ್ತು ವರ್ಷದೊಳಗೆ ಕೊನೆ ಮುಟ್ಟುವವುಗಳ ಪಾಲು ಶೇ. 0.4ಕ್ಕೆ ಇಳಿಯುತ್ತದೆ. ಹಾಗೆಂದು ಐವತ್ತು ದಾಸ್ತಾನುಗಳಾಗಿ ಒಡೆಯುವುದೂ ಬೇಡ, ಏಕೆಂದರೆ ನಿಜವಾದ ಕಾಡಿನಲ್ಲಿ ಎಲ್ಲ ಮರಗಳೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ, ಸ್ವಲ್ಪ ಚದುರುವಿಕೆ ಇರಲೇಬೇಕು. ನಿಮ್ಮಂಥ ಬೆಟ್ಟಕ್ಕೆ ಒಟ್ಟು ಎಂಟು ಹತ್ತು ವರ್ಗಗಳು ಸಾಕೆಂದು ನನ್ನ ಅಭಿಪ್ರಾಯ. ವರ್ಗಗಳನ್ನು ಒಡೆದ ಮೇಲೆ ಮೇಲಿನ ಸಂಖ್ಯೆಗಳು ಸ್ವಲ್ಪ ಬದಲಾಗುತ್ತವೆ. ದೊಡ್ಡ ಮರಗಳ ಇಳಿಕೆ ಇನ್ನೂ ತಡವಾಗಿ ಶುರುವಾಗುತ್ತದೆ. ಅಂದರೆ ನಿಜವಾದ ಬೆಟ್ಟ ಮೂರು ದಾಸ್ತಾನಿನ ಮಾದರಿ ಹೇಳುವುದಕ್ಕಿಂತಲೂ ಹೆಚ್ಚು ಕಾಲ ಆರೋಗ್ಯವಾಗಿರುವಂತೆ ತೋರಿಸಿಕೊಳ್ಳಬಲ್ಲದು.

ವರ್ಗಗಳು ಸಿದ್ಧವಾದ ಮೇಲೆ ಸುಲಭವಾದ ಒಂದು ಪರೀಕ್ಷೆ ಮಾಡಿ. ಎಲ್ಲ ವಯಸ್ಸಿನ ಮರಗಳು ಬೆರೆತಿರುವ, ಹುಟ್ಟುವಳಿ ಸರಿಯಾಗಿರುವ ಕಾಡಿನಲ್ಲಿ ಸಮಾನ ಅಗಲದ ವ್ಯಾಸದ ವರ್ಗಗಳನ್ನು ಸಾಲಾಗಿ ಇಟ್ಟರೆ, ತೆಳುವಿನಿಂದ ದಪ್ಪದ ಕಡೆಗೆ ಹೋದಂತೆ ಮರಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ ಅನುಪಾತದಲ್ಲಿ ಕುಗ್ಗುತ್ತ ಹೋಗುತ್ತದೆ. ಫ್ರೆಂಚ್ ಅರಣ್ಯಾಧಿಕಾರಿ ದ ಲಿಯೊಕೂರ್ 1898ರಲ್ಲೇ ಇದನ್ನು ವಿವರಿಸಿದ್ದರು. ನಿಮ್ಮ ಬೆಟ್ಟದ ಇಂದಿನ ಎಣಿಕೆಯನ್ನು ಹಾಗೆ ಜೋಡಿಸಿದಾಗ ತೆಳು ವರ್ಗಗಳಲ್ಲಿ ಹಳ್ಳ ಬಿದ್ದಿದ್ದರೆ, ಮಾದರಿಯನ್ನು ಓಡಿಸುವ ಮೊದಲೇ ನಿಮ್ಮ ಅನುಮಾನಕ್ಕೆ ಅರ್ಧ ಉತ್ತರ ಸಿಕ್ಕಿದಂತೆ. ಹಳ್ಳ ಎಷ್ಟು ಸೆಂ.ಮೀ. ವ್ಯಾಸದವರೆಗೆ ಇದೆಯೋ ಆ ವ್ಯಾಸವನ್ನು ವಾರ್ಷಿಕ ಬೆಳವಣಿಗೆಯಿಂದ ಭಾಗಿಸಿದರೆ ಹುಟ್ಟುವಳಿ ನಿಂತು ಎಷ್ಟು ವರ್ಷವಾಯಿತೆಂಬ ಅಂದಾಜೂ ಬರುತ್ತದೆ.

ಈ ಬಗೆಯ ವರ್ತನೆ ಗಣಿತದಲ್ಲಿ ಮಾತ್ರ ಇರುವುದೇ ಎಂದು ನೀವು ಕೇಳಬಹುದು. ನಮ್ಮ ಹತ್ತಿರದಲ್ಲೇ ಅದನ್ನು ದಶಕಗಳ ಕಾಲ ಅಳೆದ ಜಾಗವಿದೆ. ಬಂಡೀಪುರಕ್ಕೆ ತಾಗಿಕೊಂಡ ಮುದುಮಲೆಯ ಎಲೆ ಉದುರುವ ಒಣ ಕಾಡಿನಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಅವರ ಸಂಗಡಿಗರು 1988ರಲ್ಲಿ 50 ಹೆಕ್ಟೇರಿನ ಶಾಶ್ವತ ಅಧ್ಯಯನ ಕ್ಷೇತ್ರವನ್ನು ಗುರುತಿಸಿ, ಎದೆಮಟ್ಟದಲ್ಲಿ 1 ಸೆಂ.ಮೀ. ಮತ್ತು ಅದಕ್ಕಿಂತ ದಪ್ಪನಾದ ಪ್ರತಿ ಕಾಂಡಕ್ಕೂ ಸಂಖ್ಯೆಯ ಬಿಲ್ಲೆ ಹಾಕಿದರು. ಅಂಥ ಕಾಂಡಗಳು ಇಪ್ಪತ್ತೈದು ಸಾವಿರಕ್ಕೂ ಮೇಲಿದ್ದವು. ಸತ್ತವು ಎಷ್ಟು, ಹೊಸದಾಗಿ ಗಡಿ ದಾಟಿದವು ಎಷ್ಟು ಎಂಬ ಎಣಿಕೆಯನ್ನು ವರ್ಷವರ್ಷವೂ, ದಪ್ಪದ ಅಳತೆಯನ್ನು ನಾಲ್ಕು ವರ್ಷಕ್ಕೊಮ್ಮೆ ಮಾಡುತ್ತ ಬಂದರು. ಅಲ್ಲಿ ಕಂಡ ಮುಖ್ಯ ಸಂಗತಿಗಳು ನಿಮ್ಮ ಮಾದರಿಗೆ ನೇರವಾಗಿ ಬೇಕಾದವು. ಸಣ್ಣ ಕಾಂಡಗಳು ದೊಡ್ಡ ಮರಗಳಿಗಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಸಾಯುತ್ತವೆ. ಬೆಂಕಿ ಬಿದ್ದ ವರ್ಷ ಆ ಸಾವು ಏರುತ್ತದೆ, ದೊಡ್ಡ ಮರಗಳು ಬಹುಮಟ್ಟಿಗೆ ಬೆಂಕಿಯನ್ನು ತಡೆದುಕೊಳ್ಳುತ್ತವೆ. ದಾಸವಾಳದ ಕುಟುಂಬಕ್ಕೆ ಸೇರಿದ ಕಿಡಿಯಾ ಕ್ಯಾಲಿಸಿನಾ ಎಂಬ ಸಣ್ಣ ಮರ ಮೊದಲ ಎಣಿಕೆಯಲ್ಲಿ ಹೇರಳವಾಗಿದ್ದದ್ದು, ಆನೆಗಳು ಮುರಿದು ತಿಂದದ್ದರಿಂದ ತೀವ್ರವಾಗಿ ಕುಸಿಯಿತು. ಒಂದೇ ಕಾಡಿನಲ್ಲಿ, ಒಂದೇ ಅವಧಿಯಲ್ಲಿ, ಒಂದು ಜಾತಿ ಕುಸಿಯುತ್ತಿರುವಾಗ ಮೇಲಿನ ಚಪ್ಪರದ ಮರಗಳಲ್ಲಿ ಹೆಚ್ಚಿನ ಬದಲಾವಣೆ ಕಾಣದಿರುವುದು ಸಾಧ್ಯ. ಮುದುಮಲೆಯ ಸಾವಿನ ಪ್ರಮಾಣಗಳನ್ನು ಶಿರಸಿಗೆ ಹಾಗೇ ತಂದು ಹಾಕಬಾರದು. ಅಲ್ಲಿ ಮಳೆ ಕಡಿಮೆ, ಆನೆ ಹೆಚ್ಚು, ಸೊಪ್ಪು ಕಡಿಯುವವರಿಲ್ಲ. ತರಬೇಕಾದದ್ದು ಒಂದು ಪಾಠ: ಸಾವಿನ ಪ್ರಮಾಣವನ್ನು ಸ್ಥಿರ ಸಂಖ್ಯೆಯಾಗಿ ಇಡದೆ, ಬೆಂಕಿ ಬಿದ್ದ ವರ್ಷ ಮತ್ತು ಬೀಳದ ವರ್ಷ ಎಂದು ಬೇರೆ ಮಾಡಿ ಇಡುವುದು. ಮಾದರಿಯಲ್ಲಿ ಬೆಂಕಿಯನ್ನು ಹತ್ತು ವರ್ಷಕ್ಕೊಮ್ಮೆ, ಐದು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಬೀಳಿಸಿ ನೋಡಿದರೆ ಸಸಿಯ ದಾಸ್ತಾನು ಹೇಗೆ ಸ್ಪಂದಿಸುತ್ತದೆಂಬುದು ಬೆಂಕಿಪಟ್ಟಿ (ಬೆಂಕಿ ದಾಟದಂತೆ ಸವರಿದ ಖಾಲಿ ಪಟ್ಟಿ) ಕಡಿಯುವುದಕ್ಕೆ ಎಷ್ಟು ಆಳು ಹಾಕಬೇಕೆಂಬ ತೀರ್ಮಾನಕ್ಕೆ ನೇರವಾಗಿ ಒದಗುತ್ತದೆ.

ಉತ್ತರವನ್ನು ಎಷ್ಟು ನಂಬಬಹುದು ಎಂಬ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅಂಕಿಗಳನ್ನು ಒಂದೊಂದಾಗಿ ಅಲುಗಿಸಿ ನೋಡಿ. ಸಸಿಗಳ ಸಾವು ಶೇ. 7ರಿಂದ ಶೇ. 10ಕ್ಕೆ ಏರಿದರೆ ದೊಡ್ಡ ಮರಗಳ ಸಮತೋಲ 100ರಿಂದ 78ರ ಆಸುಪಾಸಿಗೆ ಬರುತ್ತದೆ. ಎಳೆಮರಗಳ ಬೆಳವಣಿಗೆ 0.4ರ ಬದಲು 0.3 ಆದರೆ 90. ದೊಡ್ಡ ಮರಗಳ ಸಾವು ಶೇ. 1ರಿಂದ ಶೇ. 1.5ಕ್ಕೆ ಏರಿದರೆ ಮಾತ್ರ ನೇರವಾಗಿ 67. ಅಂದರೆ ಫಲಿತಾಂಶವನ್ನು ಅತಿ ಹೆಚ್ಚು ಅಲುಗಿಸುವ ಅಂಕಿ ದೊಡ್ಡ ಮರಗಳ ಸಾವಿನ ಪ್ರಮಾಣ, ಅಳೆಯಲು ಅತಿ ಕಷ್ಟವಾದದ್ದೂ ಅದೇ. ನಿಮ್ಮ ಬೆಟ್ಟದಲ್ಲಿ 400 ದೊಡ್ಡ ಮರಗಳಿವೆಯೆಂದು ಹಿಡಿದರೆ ಶೇ. 1ರ ಲೆಕ್ಕದಲ್ಲಿ ಐದು ವರ್ಷಕ್ಕೆ 20 ಮರಗಳು ಸಾಯಬೇಕು. ಕೇವಲ ಆಕಸ್ಮಿಕ ಏರಿಳಿತದಿಂದಲೇ ಆ ಎಣಿಕೆ 11ರಿಂದ 29ರವರೆಗೆ ಎಲ್ಲಾದರೂ ಬರಬಹುದು. ಐದು ವರ್ಷ ಎಚ್ಚರದಿಂದ ಎಣಿಸಿದರೂ ಶೇ. 1 ಮತ್ತು ಶೇ. 1.5ರ ನಡುವೆ ಖಚಿತವಾಗಿ ಆರಿಸಲಾಗುವುದಿಲ್ಲ. ಆದ್ದರಿಂದ ‘ಐವತ್ತು ವರ್ಷಕ್ಕೆ ಹೆಕ್ಟೇರಿಗೆ 85 ಮರ’ ಎಂಬಂಥ ಸಂಖ್ಯೆಯನ್ನು ನಂಬಬೇಡಿ, ಯಾರಿಗೂ ಹಾಗೆ ಹೇಳಬೇಡಿ. ನಂಬಬಹುದಾದದ್ದು ಬೇರೆ: ಅಂಕಿಗಳನ್ನು ಸಾಧ್ಯವಿರುವ ಮಿತಿಯಲ್ಲಿ ಹೇಗೆ ಬದಲಿಸಿದರೂ ಬದಲಾಗದೆ ಉಳಿಯುವ ವರ್ತನೆ. ಹುಟ್ಟುವಳಿ ನಿಂತರೆ ಸಸಿಗಳು ಮೊದಲು, ಎಳೆಮರಗಳು ಆಮೇಲೆ, ದೊಡ್ಡ ಮರಗಳು ದಶಕಗಳ ನಂತರ ಇಳಿಯುತ್ತವೆ ಎಂಬುದು ಅಂಥದ್ದು. ಎರಡು ನಿರ್ವಹಣೆಯ ಕ್ರಮಗಳಲ್ಲಿ ಯಾವುದು ಮೇಲು ಎಂಬ ಹೋಲಿಕೆಯೂ ಸಾಮಾನ್ಯವಾಗಿ ಅಂಥದ್ದೇ, ಏಕೆಂದರೆ ಅಂಕಿಗಳ ತಪ್ಪು ಎರಡರಲ್ಲೂ ಒಂದೇ ದಿಕ್ಕಿನಲ್ಲಿ ಇರುತ್ತದೆ.

ತಂತ್ರಾಂಶದ ಬಗ್ಗೆ ಹೆಚ್ಚು ಯೋಚಿಸಬೇಕಾಗಿಲ್ಲ. ಎಕ್ಸೆಲ್‌ನಲ್ಲಿ ಒಂದು ಸಾಲು ಒಂದು ವರ್ಷ, ಒಂದು ಕಂಬಸಾಲು ಒಂದು ದಾಸ್ತಾನು. ಈ ವರ್ಷದ ದಾಸ್ತಾನಿಗೆ ಒಳಹರಿವನ್ನು ಕೂಡಿ ಹೊರಹರಿವನ್ನು ಕಳೆದರೆ ಮುಂದಿನ ವರ್ಷದ್ದು. ಚಿತ್ರ ಬರೆದು ಮಾದರಿ ಕಟ್ಟುವುದು ಇಷ್ಟವಾದರೆ ವೆನ್‌ಸಿಮ್‌ನ ಪಿಎಲ್‌ಇ ಆವೃತ್ತಿ ಕಲಿಕೆಗೆ ಉಚಿತವಾಗಿ ಸಿಗುತ್ತದೆ, ಇನ್‌ಸೈಟ್ ಮೇಕರ್ ಬ್ರೌಸರಿನಲ್ಲೇ ನಡೆಯುತ್ತದೆ. ಕಾಲದ ಹೆಜ್ಜೆಯ ವಿಷಯದಲ್ಲಿ ಒಂದು ಎಚ್ಚರಿಕೆ: ಮಾದರಿಯಲ್ಲಿ ಅತಿ ಬೇಗ ಬದಲಾಗುವ ದಾಸ್ತಾನು ಬದಲಾಗಲು ಹಿಡಿಯುವ ಕಾಲಕ್ಕಿಂತ ಹೆಜ್ಜೆ ಬಹಳ ಚಿಕ್ಕದಿರಬೇಕು. ಮರಗಳಿಗೆ ಒಂದು ವರ್ಷದ ಹೆಜ್ಜೆ ನಡೆಯುತ್ತದೆ. ಎಲೆಯ ಚಿಗುರುವಿಕೆಯನ್ನೋ ಹುಲ್ಲನ್ನೋ ಸೇರಿಸಿದರೆ ನಡೆಯುವುದಿಲ್ಲ. ಹೆಜ್ಜೆಯನ್ನು ಅರ್ಧ ಮಾಡಿ ಮತ್ತೆ ಓಡಿಸಿ, ಫಲಿತಾಂಶ ಬದಲಾಗದಿದ್ದರೆ ಸರಿಯಿದೆ.

ಮರಗಳ ಸಂಖ್ಯೆಯಿಂದ ಟನ್ನಿಗೆ ಹೋಗಬೇಕೆಂದರೆ ಅದನ್ನು ಕೊನೆಯಲ್ಲಿ ಮಾಡಿ. ಉಷ್ಣವಲಯದ ಮರಗಳಿಗೆ ಷಾವ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸೂತ್ರ ಹೆಚ್ಚು ಬಳಕೆಯಲ್ಲಿದೆ: ಮರದ ಸಾಂದ್ರತೆ, ವ್ಯಾಸವನ್ನು ವ್ಯಾಸದಿಂದಲೇ ಗುಣಿಸಿದ್ದು, ಎತ್ತರ ಈ ಮೂರರ ಗುಣಲಬ್ಧವನ್ನು 0.976ರ ಘಾತಕ್ಕೆ ಏರಿಸಿ 0.0673ರಿಂದ ಗುಣಿಸಿದರೆ ನೆಲದ ಮೇಲಿನ ಒಣತೂಕ ಕಿಲೋಗ್ರಾಮಿನಲ್ಲಿ ಬರುತ್ತದೆ. 40 ಸೆಂ.ಮೀ. ವ್ಯಾಸ, 15 ಮೀಟರ್ ಎತ್ತರ, 0.65 ಸಾಂದ್ರತೆಯ ಮರಕ್ಕೆ ಇದು ಸುಮಾರು 830 ಕೆ.ಜಿ.; ಅದರಲ್ಲಿ ಇಂಗಾಲ ಶೇ. 47ರ ಲೆಕ್ಕದಲ್ಲಿ 390 ಕೆ.ಜಿ. ಕೊಂಬೆ ಕಡಿಸಿಕೊಂಡ ಮರಕ್ಕೆ ಈ ಸೂತ್ರ ಹೆಚ್ಚು ತೂಕ ಹೇಳುತ್ತದೆ, ಏಕೆಂದರೆ ದಪ್ಪ ಮತ್ತು ಎತ್ತರಕ್ಕೆ ತಕ್ಕ ಹಂದರ ಮರದ ಮೇಲಿದೆ ಎಂದು ಅದು ಎಣಿಸುತ್ತದೆ. ಸೊಪ್ಪಿನ ಬೆಟ್ಟಕ್ಕೆ ಇಂಗಾಲದ ಲೆಕ್ಕ ಹಾಕುವವರು ಇದನ್ನು ಮರೆಯಬಾರದು.

ಈ ವಿಧಾನಕ್ಕೆ ಒಂದು ಮಿತಿಯಿದೆ. ದಾಸ್ತಾನಿನಲ್ಲಿರುವ ಮರಗಳಿಗೆ ಜಾಗವಿಲ್ಲ. ಯಾವ ಮರ ಯಾವುದಕ್ಕೆ ನೆರಳಾಗಿದೆ, ಹುಟ್ಟುವಳಿ ಹಳ್ಳದ ಅಂಚಿನಲ್ಲಿದೆಯೋ ನೆತ್ತಿಯಲ್ಲಿದೆಯೋ ಎಂಬುದು ಇದಕ್ಕೆ ತಿಳಿಯದು. ಮರಮರವನ್ನೂ ಪ್ರತ್ಯೇಕವಾಗಿ ಲೆಕ್ಕ ಹಾಕುವ ಮಾದರಿಗಳು 1972ರಲ್ಲಿ ಬಾಟ್ಕಿನ್ ಮತ್ತು ಸಂಗಡಿಗರ ಜಬೋವಾ ಮಾದರಿಯಿಂದ ಬೆಳೆದುಬಂದಿವೆ, ಆದರೆ ಅವಕ್ಕೆ ಪ್ರತಿ ಜಾತಿಯ ಬಗ್ಗೆ ಹತ್ತಾರು ಅಂಕಿಗಳು ಬೇಕು. ನಿಮ್ಮ ಪ್ರಶ್ನೆಗೆ ಅಷ್ಟು ಬೇಕಾಗಿಲ್ಲ. ಬೇಕಾದರೆ ಬೆಟ್ಟವನ್ನು ತೋಟದ ಹತ್ತಿರದ ಭಾಗ, ದೂರದ ಭಾಗ ಎಂದು ಎರಡು ಮಾಡಿ ಎರಡು ಮಾದರಿ ಓಡಿಸಿ. ಕತ್ತಿಯ ಒತ್ತಡ ಎರಡು ಕಡೆ ಒಂದೇ ಇರುವುದಿಲ್ಲ.

ಈ ವರ್ಷ ಮಾಡಬೇಕಾದ ಕೆಲಸ ಹೀಗಿರಲಿ. ಬೆಟ್ಟದ ಬೇರೆಬೇರೆ ಭಾಗಗಳಲ್ಲಿ 20 ಮೀಟರ್ ಉದ್ದ 20 ಮೀಟರ್ ಅಗಲದ ಎಂಟು ಚೌಕಗಳನ್ನು ಗುರುತು ಮಾಡಿ, ಅವುಗಳಲ್ಲಿ ನಾಲ್ಕಕ್ಕೆ ದನ ನುಗ್ಗದಂತೆ ಬೇಲಿ ಹಾಕಿ, ಒಳಗೆ ಕತ್ತಿ ತಾಗದಿರಲಿ. ಎಂಟರಲ್ಲೂ 1 ಸೆಂ.ಮೀ.ಗಿಂತ ದಪ್ಪನೆಯ ಪ್ರತಿ ಕಾಂಡಕ್ಕೆ ಅಲ್ಯೂಮಿನಿಯಂ ಬಿಲ್ಲೆ ಕಟ್ಟಿ, ಅಳತೆ ತೆಗೆದ ಜಾಗದಲ್ಲಿ ಬಣ್ಣದ ಗೆರೆ ಎಳೆಯಿರಿ. ಮುಂದಿನ ಅಳತೆ ಅದೇ ಗೆರೆಯ ಮೇಲೆ ಬರದಿದ್ದರೆ 0.3 ಸೆಂ.ಮೀ.ಯ ಬೆಳವಣಿಗೆ ಟೇಪಿನ ತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಎದೆಮಟ್ಟ ಮುಟ್ಟದ ಗಿಡಗಳನ್ನು ಜಾತಿವಾರು ಎಣಿಸಿ ಬರೆದಿಡಿ. ದೊಡ್ಡ ಮರಗಳನ್ನು ಮಾತ್ರ ಚೌಕಗಳಲ್ಲಲ್ಲ, ನಾಲ್ಕು ಹೆಕ್ಟೇರಿನಲ್ಲಿ ಇರುವಷ್ಟನ್ನೂ ಎಣಿಸಿ, ಏಕೆಂದರೆ ಅವುಗಳ ಸಾವು ಅಪರೂಪ, ಕೆಲವೇ ಚೌಕಗಳಲ್ಲಿ ಸಿಗುವುದಿಲ್ಲ. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಒಂದೇ ತಿಂಗಳಲ್ಲಿ ಎಣಿಕೆಯಾಗಲಿ. ಮೂರನೆಯ ವರ್ಷದ ಎಣಿಕೆ ಮುಗಿಯುವ ಹೊತ್ತಿಗೆ ಬೇಲಿಯ ಒಳಗಿನ ಮತ್ತು ಹೊರಗಿನ ಗಿಡಗಳ ವ್ಯತ್ಯಾಸದಿಂದ ಹುಟ್ಟುವಳಿಯ ಹರಿವಿಗೆ ಹಾಕಬೇಕಾದ ಅಂಕಿಯ ಒರಟು ಅಂದಾಜು ನಿಮ್ಮ ಬೆಟ್ಟದಿಂದಲೇ ಬರುತ್ತದೆ, ಆಗ ನಾನು ಹಿಡಿದ 4.65ನ್ನು ಅಳಿಸಿ ಅದನ್ನು ಬರೆಯಿರಿ.